ಎಂಜಿನಿಯರು ವೋಟು ಕೇಳಿದಾಗ

ಅಮೆರಿಕದಲ್ಲಿ ನಮ್ಮ ಕಡೆಯ ಹೆಸರಿನವರು ಯಾರಾದರೂ ಚುನಾವಣೆ ಗೆದ್ದರೆ ಇಲ್ಲಿಯ ಪತ್ರಿಕೆಗಳು ಮೊದಲು ಹುಡುಕುವುದು ಅವರ ಅಜ್ಜ-ಅಜ್ಜಿಯ ಊರನ್ನು. ಕಮಲಾ ಹ್ಯಾರಿಸ್ ಉಪಾಧ್ಯಕ್ಷೆಯಾದಾಗ ತಮಿಳುನಾಡಿನ ತುಳಸೇಂದ್ರಪುರದಲ್ಲಿ ಕ್ಯಾಮೆರಾಗಳ ಜಾತ್ರೆ ನೆರೆಯಿತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದಾಗ ನಮ್ಮವರೂ ಬೆಳಗಾವಿಯ ಗಲ್ಲಿಗಳನ್ನು ನೆನಪಿಸಿಕೊಂಡರು. ಅವರು ಅದಕ್ಕೂ ಮೊದಲು ಎರಡು ವರ್ಷ ಮಿಷಿಗನ್ ರಾಜ್ಯದ ಶಾಸಕರಾಗಿದ್ದರು ಎಂಬುದು ಸುದ್ದಿಯ ಬಾಲದಲ್ಲೆಲ್ಲೋ ಒಂದು ಸಾಲು. ವಾಷಿಂಗ್ಟನ್ ಮುಟ್ಟಿದವರು ಮಾತ್ರ ನಮ್ಮ ಮೊಮ್ಮಕ್ಕಳು. ರಾಜ್ಯದ ರಾಜಧಾನಿಯಲ್ಲಿ ಕೂತು ಕರೆಂಟು, ನೀರು, ಶಾಲೆ, ವಿಮೆಯ ಕಾನೂನು ಬರೆಯುವವರು ಯಾರ ಮೊಮ್ಮಕ್ಕಳೂ ಅಲ್ಲ.

ಹಾಗೆ ನಮ್ಮ ಕಣ್ಣಿಗೆ ಅಷ್ಟಾಗಿ ಬೀಳದ ಒಬ್ಬರು ಉಪೇಂದ್ರ ಚಿವುಕುಲ. 1950ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದರು. ಊರು ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿ, 1970ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಮಾಸ್ಟರ್ಸ್ ಮುಗಿಸಿ, ಮುಂದೆ ಎಟಿ ಅಂಡ್ ಟಿ ದೂರಸಂಪರ್ಕ ಕಂಪನಿಯಲ್ಲಿ ಕೆಲಸ ಮಾಡಿದರು. ಇಲ್ಲಿಯವರೆಗಿನ ಕತೆ ಆ ತಲೆಮಾರಿನ ಸಾವಿರಾರು ಜನರದ್ದು. ಬೇರೆಯಾಗುವುದು ಇದರ ಮುಂದಿನದು: ನ್ಯೂಜೆರ್ಸಿಯ ಫ್ರಾಂಕ್ಲಿನ್ ಟೌನ್‌ಶಿಪ್ಪಿನ ಕೌನ್ಸಿಲ್ ಸದಸ್ಯ, 2000ದಲ್ಲಿ ಅಲ್ಲಿಯ ಮೇಯರ್, 2002ರಿಂದ 2014ರವರೆಗೆ ರಾಜ್ಯದ ಅಸೆಂಬ್ಲಿ ಸದಸ್ಯ. ಆ ಅಸೆಂಬ್ಲಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರು ಅವರೇ. ಮುಂದೆ ಉಪಸ್ಪೀಕರ್ ಕೂಡ ಆದರು. ಅವರು ಕನ್ನಡಿಗರಲ್ಲ, ನಮಗೂ ಅವರಿಗೂ ನಂಟಿಲ್ಲ. ಆದರೂ ಈ ಸಂಚಿಕೆಯ ಮೊದಲ ಪುಟಗಳನ್ನು ಅವರಿಗೆ ಕೊಡಲು ಕಾರಣವಿದೆ. ಮನೆಗೊಬ್ಬ ಎಂಜಿನಿಯರ್ ಇರುವ ನಾಡು ನಮ್ಮದು. ಆ ಎಂಜಿನಿಯರು ವೋಟು ಕೇಳಲು ಬೀದಿಗಿಳಿದರೆ ಏನಾಗುತ್ತದೆ ಎಂಬುದನ್ನು ನಾವು ಹತ್ತಿರದಿಂದ ನೋಡಿದ್ದು ಕಡಿಮೆ.

1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಅಮೆರಿಕಕ್ಕೆ ಹೋದ ನಮ್ಮವರಲ್ಲಿ ಡಾಕ್ಟರು, ಎಂಜಿನಿಯರುಗಳೇ ಹೆಚ್ಚು. ನ್ಯೂಜೆರ್ಸಿ ಅವರನ್ನು ಸೆಳೆಯಿತು. ಬೆಲ್ ಲ್ಯಾಬ್ಸ್ ಸಂಶೋಧನಾಲಯ ಅಲ್ಲಿತ್ತು, ಔಷಧಿ ಕಂಪನಿಗಳಿದ್ದವು, ನ್ಯೂಯಾರ್ಕಿಗೆ ರೈಲಿತ್ತು. ಈ ಜನ ಮನೆ ಕಟ್ಟಿದರು, ಬ್ರಿಡ್ಜ್‌ವಾಟರಿನಲ್ಲಿ ವೆಂಕಟೇಶ್ವರನಿಗೂ ಮನೆ ಕಟ್ಟಿದರು, ಸಂಘ ಕಟ್ಟಿದರು. ನ್ಯೂಜೆರ್ಸಿಯ ಕನ್ನಡ ಕೂಟ ‘ಬೃಂದಾವನ’ದ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನವೂ 2010ರಲ್ಲಿ ಅಲ್ಲಿಯ ಎಡಿಸನ್ನಿನಲ್ಲಿ ನಡೆದಿತ್ತು. ಆದರೆ ಅಂಥ ಸಂಘದ ಅಧ್ಯಕ್ಷಗಿರಿಗೆ ನಡೆಯುವ ಪೈಪೋಟಿಯ ಕಾಲುಭಾಗವೂ ಊರಿನ ಕೌನ್ಸಿಲ್ಲಿನ ಕುರ್ಚಿಗೆ ನಡೆಯುತ್ತಿರಲಿಲ್ಲ. ರಾಜಕೀಯ ನಮಗಲ್ಲ, ಮಕ್ಕಳ ಓದು, ಮನೆ ಸಾಲ, ಗ್ರೀನ್ ಕಾರ್ಡು ಎಂಬುದೇ ಬದುಕಾಗಿತ್ತು. ತಲೆ ತಗ್ಗಿಸಿ ದುಡಿದರೆ ಯಾರೂ ತಂಟೆಗೆ ಬರುವುದಿಲ್ಲ ಎಂಬ ಆ ನಂಬಿಕೆ 1987ರಲ್ಲಿ ಜೆರ್ಸಿ ಸಿಟಿಯಲ್ಲಿ ಒಡೆಯಿತು. ಹಣೆಯ ಕುಂಕುಮವನ್ನೇ ಹೆಸರಿಗೆ ಎಳೆತಂದು ‘ಡಾಟ್‌ಬಸ್ಟರ್ಸ್’ ಎಂದು ಕರೆದುಕೊಂಡ ಪುಂಡರು ಭಾರತೀಯರನ್ನು ಓಡಿಸುವುದಾಗಿ ಪತ್ರಿಕೆಗೇ ಬೆದರಿಕೆಯ ಕಾಗದ ಬರೆದರು. ಹಲ್ಲೆಗಳು ನಡೆದವು. ಪ್ರಾಣವೂ ಹೋಯಿತು. ಪೊಲೀಸರು, ಮೇಯರು, ಸರ್ಕಾರಿ ವಕೀಲರು ಯಾರ ಮಾತು ಕೇಳುತ್ತಾರೆ ಎಂಬ ಪ್ರಶ್ನೆ ಆಗ ಮೊದಲ ಬಾರಿಗೆ ಊಟದ ಮೇಜಿಗೆ ಬಂದಿತು.

ರಾಜಕೀಯಕ್ಕೆ ಬರಬೇಕೆಂದರೆ ಬಾಗಿಲೊಂದು ಇರಬೇಕಲ್ಲ. ನ್ಯೂಜೆರ್ಸಿಯಲ್ಲಿ ಅದು ಬಹಳ ತಗ್ಗಿನ ಬಾಗಿಲು, ಮತ್ತು ಅಂಥವು ನೂರಾರಿವೆ. 2000ದ ಜನಗಣತಿಯಲ್ಲಿ ಆ ರಾಜ್ಯದ ಜನಸಂಖ್ಯೆ ಸುಮಾರು 84 ಲಕ್ಷ. ಅಷ್ಟು ಜನಕ್ಕೆ 560ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು, ಪ್ರತಿಯೊಂದಕ್ಕೂ ಆಯ್ಕೆಯಾದ ಕೌನ್ಸಿಲ್ಲು ಅಥವಾ ಸಮಿತಿ. ಇಷ್ಟೊಂದು ಯಾಕೆ, ದುಂದುವೆಚ್ಚ ಎಂದು ಅಲ್ಲಿಯವರೇ ಗೊಣಗುತ್ತಾರೆ. ಮನೆತೆರಿಗೆ ಅಮೆರಿಕದಲ್ಲೇ ಅತಿ ಹೆಚ್ಚು ಇರುವ ರಾಜ್ಯ ಅದು. ಗೊಣಗಲು ಅವರಿಗೆ ಹಕ್ಕಿದೆ. 2011ರ ಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ, 84 ಲಕ್ಷ. ಇಲ್ಲಿದ್ದದ್ದು ಒಂದು ಪಾಲಿಕೆ, 198 ವಾರ್ಡು. ಅದರ ಕೊನೆಯ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಮ್ಮ ಎಂಜಿನಿಯರುಗಳಿಗೆ ನಾಗರಿಕ ಪ್ರಜ್ಞೆಯಿಲ್ಲ ಎಂದು ಬೈಯುವುದು ಸುಲಭ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು ಬಿಟ್ಟರೆ ಅವರು ನಿಲ್ಲಬಹುದಾದ ಚುನಾವಣೆ ಯಾವುದಿತ್ತು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಟೌನ್‌ಶಿಪ್ ಕೌನ್ಸಿಲ್ಲಿನ ಕೆಲಸಕ್ಕೆ ಯಾವ ಮೆರುಗೂ ಇಲ್ಲ. ಫ್ರಾಂಕ್ಲಿನ್ನಿನಲ್ಲಿ ದಿನನಿತ್ಯದ ಆಡಳಿತ ನೋಡಿಕೊಳ್ಳಲು ಸಂಬಳದ ಮ್ಯಾನೇಜರ್ ಇರುತ್ತಾರೆ. ಕೌನ್ಸಿಲ್ಲಿನವರು ಹಗಲೆಲ್ಲ ತಮ್ಮ ತಮ್ಮ ನೌಕರಿ ಮುಗಿಸಿ ಸಂಜೆ ಸಭೆಗೆ ಬರುತ್ತಾರೆ. ಮಳೆನೀರಿನ ಚರಂಡಿ, ಹೊಸ ಬಡಾವಣೆಗೆ ಅನುಮತಿ, ಕಸ, ಪೊಲೀಸ್ ಇಲಾಖೆಯ ಬಜೆಟ್ಟು. ಜನ ಮೈಕಿನ ಮುಂದೆ ಬಂದು ನಿಂತು ಮುಖಕ್ಕೆ ಮುಖ ಕೊಟ್ಟು ಬೈಯುತ್ತಾರೆ. ಎಂಜಿನಿಯರಿಗೆ ಇದು ಒಳ್ಳೆಯ ಗರಡಿ. ಕಚೇರಿಯಲ್ಲಿ ಲೆಕ್ಕ ಸರಿಯಿದ್ದರೆ ಮಾತು ಮುಗಿಯಿತು. ಇಲ್ಲಿ ಲೆಕ್ಕ ಸರಿಯಿದ್ದರೂ ಏಳು ಜನ ಎದ್ದು ನಿಂತು ಬೇಡ ಅನ್ನಬಹುದು, ಅವರ ಬೇಡಕ್ಕೂ ಕಾರಣವಿರಬಹುದು.

ಚಿವುಕುಲ ಅಸೆಂಬ್ಲಿಗೆ ನಿಂತದ್ದು 2001ರ ನವೆಂಬರಿನಲ್ಲಿ. ಸೆಪ್ಟೆಂಬರ್ 11ರ ದಾಳಿ ಕಳೆದು ಎರಡು ತಿಂಗಳೂ ಆಗಿರಲಿಲ್ಲ. ಆ ದಿನ ಸತ್ತವರಲ್ಲಿ ಸುಮಾರು 700 ಮಂದಿ ನ್ಯೂಜೆರ್ಸಿಯವರು. ಟರ್ಬನ್ ಕಟ್ಟಿದವರ ಮೇಲೆ, ಕಂದು ಬಣ್ಣದವರ ಮೇಲೆ ದೇಶದ ಉದ್ದಗಲಕ್ಕೂ ಕಣ್ಣು ಕೆಂಪಾಗಿದ್ದ ಹೊತ್ತು. ಅಂಥ ಹೊತ್ತಿನಲ್ಲಿ ಬಾಯಿಗೆ ಸುಲಭವಾಗಿ ಬಾರದ ಹೆಸರಿನವರೊಬ್ಬರು, ನೆಲ್ಲೂರಿನ ಉಚ್ಚಾರದ ಇಂಗ್ಲಿಷಿನಲ್ಲಿ, ವೋಟು ಕೇಳಬೇಕಿತ್ತು. ಭಾರತೀಯರ ವೋಟಿನಿಂದ ಗೆದ್ದರು ಎಂದುಕೊಂಡರೆ ತಪ್ಪು. 2000ದಲ್ಲಿ ಇಡೀ ರಾಜ್ಯದಲ್ಲಿ ಭಾರತೀಯ ಮೂಲದವರು ಸುಮಾರು 1.7 ಲಕ್ಷ, ನೂರಕ್ಕೆ ಇಬ್ಬರು. ಅವರಲ್ಲೂ ಪೌರತ್ವ ಸಿಗದವರು ಎಷ್ಟೋ ಮಂದಿ. ಅವರು ನಿಂತ 17ನೇ ಕ್ಷೇತ್ರವೆಂದರೆ ನ್ಯೂ ಬ್ರನ್ಸ್‌ವಿಕ್, ಪಿಸ್ಕಾಟವೇ, ಫ್ರಾಂಕ್ಲಿನ್. ಅಲ್ಲಿ ಕರಿಯರಿದ್ದಾರೆ, ಲ್ಯಾಟಿನೋಗಳಿದ್ದಾರೆ, ರಟ್ಗರ್ಸ್ ವಿಶ್ವವಿದ್ಯಾಲಯದ ಹುಡುಗರಿದ್ದಾರೆ, ಹಳೆಯ ಕಾರ್ಮಿಕ ಸಂಘಗಳ ಬಿಳಿಯರಿದ್ದಾರೆ. ಡೆಮಾಕ್ರಟಿಕ್ ಪಕ್ಷದ ಭದ್ರ ನೆಲ ಅದು, ಆ ಪಕ್ಷದ ಬೆನ್ನು ಅವರಿಗಿತ್ತು ಎಂಬುದನ್ನೂ ಹೇಳಲೇಬೇಕು. ಆ ಬೆನ್ನು ಬಂದದ್ದು ಕೌನ್ಸಿಲ್ಲಿನ ಸಂಜೆಗಳಿಂದ.

ರಾಜ್ಯದ ರಾಜಧಾನಿ ಟ್ರೆಂಟನ್ನಿನ ಅಸೆಂಬ್ಲಿಯಲ್ಲಿ 80 ಜನ, 40 ಕ್ಷೇತ್ರಕ್ಕೆ ತಲಾ ಇಬ್ಬರು, ಎರಡು ವರ್ಷಕ್ಕೊಮ್ಮೆ ಚುನಾವಣೆ. ಚಿವುಕುಲ ಇದ್ದ ಕಾಲದಲ್ಲಿ ಶಾಸಕರ ಸಂಬಳ ವರ್ಷಕ್ಕೆ 49,000 ಡಾಲರ್, ಅಂದರೆ ಒಬ್ಬ ಎಂಜಿನಿಯರು ನೌಕರಿಯಲ್ಲಿ ಗಳಿಸುವುದಕ್ಕಿಂತ ಎಷ್ಟೋ ಕಡಿಮೆ. ಅರೆಕಾಲಿಕ ಶಾಸನಸಭೆ ಅದು. ವಕೀಲರಿಗೆ, ವಿಮೆ ಏಜೆಂಟರಿಗೆ, ಸ್ವಂತ ವ್ಯಾಪಾರದವರಿಗೆ ಹೊಂದುತ್ತದೆ. ದೂರಸಂಪರ್ಕ ಮತ್ತು ವಿದ್ಯುತ್-ನೀರು ಪೂರೈಕೆಯ ಸಮಿತಿಗೆ ಚಿವುಕುಲ ಅಧ್ಯಕ್ಷರಾದರು. ಕಂಪನಿಗಳ ವಕೀಲರು ಮತ್ತು ಲಾಬಿಯವರು ಬಿಟ್ಟರೆ ಹೊರಗಿನವರು ಹೆಚ್ಚಾಗಿ ತಲೆ ಹಾಕದ ಸಮಿತಿ. ಮೆಗಾವಾಟಿಗೂ ಮೆಗಾವಾಟ್-ಅವರ್‌ಗೂ ವ್ಯತ್ಯಾಸ ಗೊತ್ತಿರುವ ಅಧ್ಯಕ್ಷರು ಅಂಥ ಕುರ್ಚಿಯಲ್ಲಿ ಕೂರುವುದು ಯಾವ ದೇಶದಲ್ಲೂ ದಿನಾ ಕಾಣುವ ಸಂಗತಿಯಲ್ಲ.

ಅವರು ಮಂಡಿಸಿದವರಲ್ಲಿ ಒಬ್ಬರಾಗಿದ್ದ 2010ರ ಸೌರಶಕ್ತಿ ಕಾನೂನನ್ನು ಸ್ವಲ್ಪ ಬಿಚ್ಚಿ ನೋಡೋಣ. ನ್ಯೂಜೆರ್ಸಿಯಲ್ಲಿ ಕರೆಂಟು ಮಾರುವ ಕಂಪನಿಗಳು ತಾವು ಮಾರುವುದರಲ್ಲಿ ಇಂತಿಷ್ಟು ಪಾಲು ಸೂರ್ಯನಿಂದ ಬಂದಿರಬೇಕು ಎಂಬ ನಿಯಮ ಮೊದಲೇ ಇತ್ತು. 2021ಕ್ಕೆ ಶೇ. 2.12 ಎಂದು ಗುರಿ. ಚಾವಣಿಯ ಮೇಲೆ ಫಲಕ ಹಾಕಿಸಿದವರಿಗೆ ಪ್ರತಿ 1,000 ಯೂನಿಟ್ಟಿಗೆ ಒಂದು ಸರ್ಟಿಫಿಕೇಟು ಸಿಗುತ್ತಿತ್ತು. ಗುರಿ ತಲುಪಬೇಕಾದ ಕಂಪನಿಗಳು ಅದನ್ನು ಕೊಳ್ಳುತ್ತಿದ್ದವು, ಕೊಳ್ಳದಿದ್ದರೆ ದಂಡ ಕಟ್ಟುತ್ತಿದ್ದವು. ತೊಡಕು ಇದ್ದದ್ದು ಆ ‘ಶೇಕಡಾ’ದಲ್ಲಿ. 2008ರ ಆರ್ಥಿಕ ಕುಸಿತದ ಮೇಲೆ ಕರೆಂಟಿನ ಬಳಕೆ ಇಳಿಯಿತು. ಬಳಕೆ ಇಳಿದರೆ ಶೇಕಡಾ ಲೆಕ್ಕದ ಗುರಿಯೂ ತಾನಾಗಿ ಇಳಿಯುತ್ತದೆ. ಹಾಗಾದರೆ ಇಪ್ಪತ್ತು ವರ್ಷದ ಬಂಡವಾಳ ಹಾಕುವವನು ಯಾವ ಧೈರ್ಯದ ಮೇಲೆ ಹಾಕಬೇಕು? ಹೊಸ ಕಾನೂನು ಶೇಕಡಾವನ್ನು ತೆಗೆದು ನೇರ ಅಳತೆಯನ್ನೇ ಬರೆಯಿತು: 2011ಕ್ಕೆ 306 ಗಿಗಾವಾಟ್-ಅವರ್, ಅಂದರೆ ಸುಮಾರು 30 ಕೋಟಿ ಯೂನಿಟ್ಟು. 2026ಕ್ಕೆ 5,316, ಅಂದರೆ 530 ಕೋಟಿ ಯೂನಿಟ್ಟಿಗೂ ಹೆಚ್ಚು. ಎಂಜಿನಿಯರನ ಬುದ್ಧಿ ಎಂದರೆ ಇದು. ತೇಲುವ ಗುರುತನ್ನು ಕಿತ್ತು ನೆಲಕ್ಕೆ ಗೂಟ ಹೊಡೆಯುವುದು.

ಗೂಟ ಹೊಡೆದದ್ದಕ್ಕೆ ಫಲ ಸಿಕ್ಕಿತು. ಬಿಸಿಲಿಗೇನೂ ಹೆಸರಾಗಿರದ, ಮಂಗಳೂರು-ಮೈಸೂರಿನವರು ಚಳಿಗೆ ಮುದುಡುವ ಆ ಪುಟ್ಟ ರಾಜ್ಯ ಸೌರಫಲಕಗಳ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾದ ನಂತರದ ಸ್ಥಾನದಲ್ಲಿ ನಿಂತಿತು. ಶಾಲೆಗಳ ಚಾವಣಿ, ಗೋದಾಮುಗಳ ಚಾವಣಿ, ಕೊನೆಗೆ ರಸ್ತೆ ಬದಿಯ ಕರೆಂಟು ಕಂಬಗಳೂ ಬಿಡಲಿಲ್ಲ. ಅಲ್ಲಿಯ ದೊಡ್ಡ ವಿದ್ಯುತ್ ಕಂಪನಿ ಪಿಎಸ್‌ಇ ಅಂಡ್ ಜಿ ತನ್ನ ಯೋಜನೆಯೊಂದರಲ್ಲಿ ಲಕ್ಷಕ್ಕೂ ಮೀರಿದ ಕಂಬಗಳಿಗೆ ಒಂದೊಂದು ಫಲಕ ತಗುಲಿಸಿತು. ಸುಮಾರು ಐದಡಿ ಉದ್ದದ್ದು, ತಲೆಯೆತ್ತಿ ನೋಡಿದರೆ ಮನೆಯೆದುರೇ. ಜನ ಸುಮ್ಮನಿರಲಿಲ್ಲ. ನಮ್ಮ ಬೀದಿಯ ಅಂದ ಹಾಳಾಯಿತು, ಮನೆಯ ಬೆಲೆ ಬಿತ್ತು ಎಂದು ಟೌನ್‌ಶಿಪ್ ಸಭೆಗಳಲ್ಲಿ ಮೈಕು ಹಿಡಿದರು. ಭೂಮಿ ಉಳಿಸಬೇಕು, ಆದರೆ ನನ್ನ ಮನೆಯ ಮುಂದಿನ ಕಂಬದಿಂದಲ್ಲ.

ಅಡ್ಡಿ ಬಂದದ್ದು ಮಾತ್ರ ಅಂದಚಂದದಿಂದಲ್ಲ. ಸರ್ಟಿಫಿಕೇಟಿನ ಬೆಲೆ 600 ಡಾಲರ್ ದಾಟಿದ್ದನ್ನು ಕಂಡು ಎಲ್ಲರೂ ಮುಗಿಬಿದ್ದು ಫಲಕ ಹಾಕಿಸಿದರು. ಗುರಿಗಿಂತ ಹೆಚ್ಚು ಉತ್ಪಾದನೆಯಾಯಿತು, 2012ರ ಹೊತ್ತಿಗೆ ಬೆಲೆ 200ಕ್ಕಿಂತ ಕೆಳಗೆ ಕುಸಿಯಿತು. ಸಾಲ ಮಾಡಿ ಹಾಕಿಸಿದವರು ಕಂಗಾಲಾದರು. ಗೂಟ ಹೊಡೆದವರೇ ಮತ್ತೆ ಬಂದು ಗೂಟ ಸರಿಸಬೇಕಾಯಿತು. 2012ರ ಜುಲೈಯಲ್ಲಿ ಇನ್ನೊಂದು ಕಾನೂನು ತಂದು ಹತ್ತಿರದ ವರ್ಷಗಳ ಗುರಿಯನ್ನು ಏರಿಸಿ ಮಾರುಕಟ್ಟೆಗೆ ಉಸಿರು ಕೊಟ್ಟರು. ಇದನ್ನು ಓದುವಾಗ ನಮಗೆ ನಮ್ಮದೇ ಕತೆ ನೆನಪಾಗದೆ ಇರದು. 2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಚಾವಣಿಯ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಎಂದಿತು. ದರ ನೋಡಿ ಕೆಲವರು ಹೊಲದಲ್ಲಿ ಶೆಡ್ಡು ಎಬ್ಬಿಸಿ ಅದನ್ನೇ ಚಾವಣಿ ಎಂದರು. 2016ರಲ್ಲಿ ದರ ಇಳಿಯಿತು, ಕಾಲಮಿತಿ ಮೀರಿದವರ ಒಪ್ಪಂದಗಳು ಬಿದ್ದುಹೋದವು. ಎರಡೂ ಕಡೆ ತಪ್ಪಿದ್ದು ಬಿಸಿಲಿನ ಲೆಕ್ಕವಲ್ಲ, ಮನುಷ್ಯನ ಆಸೆಯ ಲೆಕ್ಕ. ವ್ಯತ್ಯಾಸ ಒಂದೇ. ಅಲ್ಲಿ ಬೆಲೆ ಬಿದ್ದಾಗ ಜನ ಹುಡುಕಿಕೊಂಡು ಹೋಗಿ ಕೇಳಬಹುದಾದ, ಮುಂದಿನ ವರ್ಷ ವೋಟು ಕೇಳಲು ಬರಲೇಬೇಕಾದ ಒಬ್ಬ ಕಾನೂನಿನ ಕರ್ತೃ ಇದ್ದರು.

ನಮ್ಮಲ್ಲಿ ಎಂಜಿನಿಯರ್ ಎಂದರೆ ಮೊದಲು ಎದ್ದು ನಿಲ್ಲುವುದು ವಿಶ್ವೇಶ್ವರಯ್ಯನವರ ಪೇಟ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನ. ಅವರ ಸಾಧನೆಯನ್ನು ಇಲ್ಲಿ ಮತ್ತೆ ಹಾಡಬೇಕಿಲ್ಲ. ನೆನಪಿಸಬೇಕಾದದ್ದು ಇಷ್ಟು: ಅವರನ್ನು ಆರಿಸಿದ್ದು ಮಹಾರಾಜರು, ಮತದಾರರಲ್ಲ. ಆ ದೊಡ್ಡ ಮಾದರಿ ನಮ್ಮ ಮಧ್ಯಮವರ್ಗದ ಮನಸ್ಸಿನಲ್ಲಿ ಒಂದು ಆಸೆ ಬಿತ್ತಿ ಹೋಗಿದೆ. ಯಾರೋ ಪ್ರಾಮಾಣಿಕರಾದ ಮೇಲಿನವರು ಸಮರ್ಥ ಎಂಜಿನಿಯರನನ್ನು ಕರೆದು ಅಧಿಕಾರ ಕೊಡಲಿ, ರಾಜಕಾರಣಿಗಳ ಕಾಟವಿಲ್ಲದೆ ಅವನು ಊರು ಉದ್ಧಾರ ಮಾಡಲಿ ಎಂಬ ಆಸೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನಾಚರಣೆಯ ಭಾಷಣಗಳಲ್ಲಿ ಅದನ್ನೇ ಕೇಳುತ್ತೇವೆ. ಮನೆಮನೆಗೆ ಹೋಗಿ ಗಂಟೆ ಒತ್ತಿ, ಬಾಗಿಲು ತೆರೆದವರ ಬೈಗುಳ ಕೇಳಿ ಬರುವ ಎಂಜಿನಿಯರು ಆ ಭಾಷಣಗಳಲ್ಲಿ ಬರುವುದಿಲ್ಲ.

ಹಾಗೆ ಗಂಟೆ ಒತ್ತಿದವರು ಚಿವುಕುಲ ಒಬ್ಬರೇ ಅಲ್ಲ. ಪದ್ಮಾ ಕುಪ್ಪ ವಾರಂಗಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಮಿಷಿಗನ್ನಿನ ಟ್ರಾಯ್ ನಗರದ ಯೋಜನಾ ಆಯೋಗದಲ್ಲಿ ಕೂತು ಕಲಿತು, 2018ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದರು. 2022ರಲ್ಲಿ ಸೆನೆಟ್ಟಿಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ಥಾಣೇದಾರರದ್ದು ಬೇರೆಯೇ ದಾರಿ. ಅವರು ಎಂಜಿನಿಯರಲ್ಲ, ರಸಾಯನಶಾಸ್ತ್ರಜ್ಞರು, ಮೇಲಾಗಿ ಉದ್ಯಮಿ. 2018ರಲ್ಲಿ ಕೈಯಿಂದ ಕೋಟಿಗಟ್ಟಲೆ ಖರ್ಚು ಮಾಡಿ ನೇರ ಗವರ್ನರ್ ಹುದ್ದೆಗೇ ಕೈ ಹಾಕಿ, ಪಕ್ಷದ ಒಳಚುನಾವಣೆಯಲ್ಲಿ ಮೂರನೆಯವರಾದರು. ಆಮೇಲೆ 2020ರಲ್ಲಿ ಡೆಟ್ರಾಯಿಟ್‌ನಿಂದ ರಾಜ್ಯದ ಶಾಸಕ, ಎರಡು ವರ್ಷಕ್ಕೆ ಕಾಂಗ್ರೆಸ್ ಸದಸ್ಯ. ಬೆಳಗಾವಿಯವರಿಗೆ ಅವರ ಬಗ್ಗೆ ಹೆಮ್ಮೆ ಇರಲಿ. ಆದರೆ ಸ್ವಂತ ಹಣದಲ್ಲಿ ಮೇಲಿನ ಮೆಟ್ಟಿಲಿಗೇ ಹಾರಲು ನೋಡುವ ಕತೆ ನಮಗೆ ಇಲ್ಲೂ ಸಾಕಷ್ಟು ಸಿಗುತ್ತದೆ. ಈ ಬರಹಗಾರನಿಗೆ ಟ್ರಾಯ್ ನಗರದ ಯೋಜನಾ ಆಯೋಗದ ಕತೆಯೇ ಹೆಚ್ಚು ಹೊಸದು.

ಚಿವುಕುಲರೂ ವಾಷಿಂಗ್ಟನ್ನಿನ ಆಸೆ ಬಿಟ್ಟವರಲ್ಲ. 2012ರಲ್ಲಿ ರಿಪಬ್ಲಿಕನ್ ಪಕ್ಷದ ಲೆನರ್ಡ್ ಲ್ಯಾನ್ಸ್ ಎದುರು ನಿಂತು ಚೆನ್ನಾಗಿಯೇ ಸೋತರು. 2014ರದ್ದು ಇನ್ನೂ ಸ್ವಾರಸ್ಯದ ಸೋಲು. ಭೌತವಿಜ್ಞಾನಿಯಾಗಿದ್ದ ರಷ್ ಹೋಲ್ಟ್ ಕಾಂಗ್ರೆಸ್ಸಿನಿಂದ ನಿವೃತ್ತರಾದರು. ನಮ್ಮ ಸಂಸದ ರಾಕೆಟ್ ವಿಜ್ಞಾನಿ ಎಂದು ಸಾರುವ ಸ್ಟಿಕರನ್ನು ಅವರ ಬೆಂಬಲಿಗರು ಕಾರಿಗೆ ಅಂಟಿಸಿಕೊಂಡು ತಿರುಗುತ್ತಿದ್ದರು. ಅಂಥ ಕ್ಷೇತ್ರದಲ್ಲಾದರೂ ಎಂಜಿನಿಯರಿಗೆ ಗಿರಾಕಿ ಇರಬಹುದು ಅನ್ನಿಸುತ್ತದೆ. ಡೆಮಾಕ್ರಟರ ಒಳಚುನಾವಣೆಗೆ ಚಿವುಕುಲ ಅಲ್ಲದೆ ಆಂಡ್ರ್ಯೂ ಜ್ವಿಕರ್ ಎಂಬ ಇನ್ನೊಬ್ಬ ಭೌತವಿಜ್ಞಾನಿಯೂ ನಿಂತಿದ್ದರು. ಗೆದ್ದದ್ದು ಇವರಿಬ್ಬರೂ ಅಲ್ಲ, ಅನುಭವಿ ರಾಜಕಾರಣಿ ಬಾನಿ ವಾಟ್ಸನ್ ಕೋಲ್ಮನ್. ನ್ಯೂಜೆರ್ಸಿಯಿಂದ ಕಾಂಗ್ರೆಸ್ಸಿಗೆ ಹೋದ ಮೊದಲ ಕರಿಯ ಮಹಿಳೆ ಅವರು. ಆಗ ಆ ರಾಜ್ಯದ ಮತಪತ್ರಕ್ಕೂ ಒಂದು ವಿಚಿತ್ರ ವಿನ್ಯಾಸವಿತ್ತು. ಕೌಂಟಿಯ ಪಕ್ಷ ಘಟಕ ಯಾರನ್ನು ಮೆಚ್ಚುತ್ತದೋ ಅವರೆಲ್ಲರ ಹೆಸರನ್ನು ಒಂದೇ ಸಾಲಿನಲ್ಲಿ, ಅಧ್ಯಕ್ಷರಿಂದ ಹಿಡಿದು ಊರ ಕೌನ್ಸಿಲ್ಲಿನವರವರೆಗೆ, ಜೋಡಿಸಿ ಅಚ್ಚು ಹಾಕುತ್ತಿದ್ದರು. ಉಳಿದವರು ಮತಪತ್ರದ ಮೂಲೆಗೆ. ‘ಲೈನು’ ಸಿಕ್ಕಿತೇ ಎಂಬುದೇ ಅಲ್ಲಿ ಅರ್ಧ ಚುನಾವಣೆ. ಅದನ್ನು ನ್ಯಾಯಾಲಯ ತಡೆದದ್ದು 2024ರಲ್ಲಿ.

ಸೋತ ಅದೇ ವರ್ಷ ರಿಪಬ್ಲಿಕನ್ ಗವರ್ನರ್ ಕ್ರಿಸ್ ಕ್ರಿಸ್ಟಿ ಚಿವುಕುಲರನ್ನು ಬೋರ್ಡ್ ಆಫ್ ಪಬ್ಲಿಕ್ ಯುಟಿಲಿಟೀಸ್‌ಗೆ ನೇಮಿಸಿದರು. ಕರೆಂಟು, ಗ್ಯಾಸು, ನೀರು, ಫೋನು ಕಂಪನಿಗಳ ಮೇಲೆ ಕಣ್ಣಿಡುವ, ದರ ನಿಗದಿ ಮಾಡುವ ಐದು ಜನರ ಮಂಡಳಿ. ವರ್ಷಗಟ್ಟಲೆ ವೋಟು ಕೇಳಿದ ಮೇಲೆ ಕೊನೆಗೂ ವಿಶ್ವೇಶ್ವರಯ್ಯ ಮಾದರಿಯ ಕುರ್ಚಿ. ಆದರೆ ಅಲ್ಲಿ ಅವರಿಗಾಗಿ ಕಾದಿದ್ದದ್ದು ಅವರದೇ ಹಳೆಯ ಕಾನೂನು. 2010ರ ಆಗಸ್ಟಿನಲ್ಲಿ ಜಾರಿಗೆ ಬಂದ ಕಡಲ ಗಾಳಿವಿದ್ಯುತ್ ಕಾಯ್ದೆಯ ಪ್ರಾಯೋಜಕರಲ್ಲೂ ಅವರಿದ್ದರು. ಅಟ್ಲಾಂಟಿಕ್ ಕಡಲಿನಲ್ಲಿ ಕನಿಷ್ಠ 1,100 ಮೆಗಾವಾಟ್ ಗಾಳಿಯಂತ್ರ ನಿಲ್ಲಿಸಬೇಕೆಂಬುದು ಗುರಿ. ಅದಕ್ಕೆ ಸಹಿ ಹಾಕಿದವರು ಕ್ರಿಸ್ಟಿಯೇ. ಹಣ ಹೇಗೆ ಹರಿಯಬೇಕು ಎಂಬ ನಿಯಮ ಮಾಡಬೇಕಿದ್ದದ್ದು ಇದೇ ಮಂಡಳಿ. ಕ್ರಿಸ್ಟಿಯವರ ಅವಧಿ ಮುಗಿಯುವವರೆಗೂ ಆ ನಿಯಮ ಆಗಲೇ ಇಲ್ಲ, ಚಿವುಕುಲರು ಅದರ ಸದಸ್ಯರಾಗಿದ್ದ ವರ್ಷಗಳಲ್ಲೂ. ಕಾನೂನು ಬರೆಯುವುದು ಬೇರೆ, ಅದಕ್ಕೆ ಕೈಕಾಲು ಜೋಡಿಸುವುದು ಬೇರೆ. ಐವರಲ್ಲಿ ಒಬ್ಬರಾಗಿ ಕೂತಾಗ ಕರ್ತೃತ್ವಕ್ಕೆ ಹೆಚ್ಚಿನ ಬೆಲೆಯೇನಿಲ್ಲ.

2018ರಲ್ಲಿ ಫಿಲ್ ಮರ್ಫಿ ಗವರ್ನರಾದ ಮೇಲೆ ಕಡತಕ್ಕೆ ಕಾಲು ಬಂತು. 2019ರ ಜೂನಿನಲ್ಲಿ ಮಂಡಳಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಪನಿಯ ‘ಓಷನ್ ವಿಂಡ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರಿಯಾಗಿ 1,100 ಮೆಗಾವಾಟ್, ಒಂಬತ್ತು ವರ್ಷದ ಹಿಂದೆ ಕಾನೂನಿನಲ್ಲಿ ಬರೆದಿದ್ದಷ್ಟೇ. ಕಡಲತೀರದ ಊರುಗಳು ಕೋರ್ಟಿಗೆ ಹೋದವು, ಮೀನುಗಾರರು ಎದ್ದರು, ರಜೆಗೆ ಬರುವವರ ನೋಟ ಕೆಡುತ್ತದೆ ಎಂಬ ವಾದ ಕಂಬದ ಫಲಕಗಳ ಕಾಲದಲ್ಲಿ ಕೇಳಿದ್ದರ ಮುಂದಿನ ಅಧ್ಯಾಯದಂತೆ ಬಂದಿತು. ಬಡ್ಡಿ ದರ ಏರಿತು, ಉಕ್ಕಿನ ಬೆಲೆ ಏರಿತು, ಯಂತ್ರ ನಿಲ್ಲಿಸುವ ಹಡಗು ಸಮಯಕ್ಕೆ ಸಿಗಲಿಲ್ಲ. 2023ರ ಅಕ್ಟೋಬರ್ 31ರಂದು ಕಂಪನಿ ಓಷನ್ ವಿಂಡ್ ಒಂದು ಮತ್ತು ಎರಡು, ಎರಡನ್ನೂ ಕೈಬಿಡುವುದಾಗಿ ಹೇಳಿತು. ಕಾಯ್ದೆ ಮಾತ್ರ ಪುಸ್ತಕದಲ್ಲಿದೆ. ನ್ಯೂಜೆರ್ಸಿಯ ಕರೆಂಟು ಬಿಲ್ಲು 2025ರ ಗವರ್ನರ್ ಚುನಾವಣೆಯ ಮುಖ್ಯ ವಿಷಯವೂ ಆಯಿತು.